ಕೊಡಗಿನಲ್ಲಿ ಯಾರಾದರೂ ಕಾಣೆಯಾದರೆ: ಮುಖ ಗುರುತಿಸುವ ಯಂತ್ರವೋ, ಫೋನ್ ಲೊಕೇಶನ್ನೋ, ಬಸ್ ಕಂಡಕ್ಟರೋ?

ಕಕ್ಕಡದ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ನಮ್ಮ ದೊಡ್ಡಪ್ಪ ಮನೆಯಿಂದ ಕಾಣೆಯಾದರು. ಗೋಣಿಕೊಪ್ಪದ ಹತ್ತಿರ ನಮ್ಮ ಮನೆ. ದೊಡ್ಡಪ್ಪನಿಗೆ 78 ವರ್ಷ, ಮರೆವಿನ ಕಾಯಿಲೆ. ದೊಡ್ಡಮ್ಮ ಒಳಗೆ ಹೋಗಿ ಕಾಫಿ ಕಾಸಿ ತರುವಷ್ಟರಲ್ಲಿ ಜಗಲಿಯ ಕುರ್ಚಿ ಖಾಲಿ. ಕೊಡೆ ಮೂಲೆಯಲ್ಲೇ ಇತ್ತು. ಗೇಟು ತೆರೆದಿತ್ತು.

ಠಾಣೆಗೆ ಓಡಿದೆವು. ಅಲ್ಲಿ ಮೊದಲು ಕೇಳಿದ್ದೇ ಫೋಟೋ. ಫೋನಿನಲ್ಲಿ ಹುಡುಕಿದರೆ ಸಾವಿರಾರು ಫೋಟೋ ಇವೆ, ದೊಡ್ಡಪ್ಪನದ್ದು ಒಂದೂ ಸರಿಯಾಗಿಲ್ಲ. ಕೊನೆಗೆ ಸಿಕ್ಕಿದ್ದು ಒಂಬತ್ತು ವರ್ಷ ಹಿಂದಿನ ಮದುವೆಯ ಫೋಟೋ. ತಲೆಗೆ ಪೇಟ, ಮುಖ ಅತ್ತ ತಿರುಗಿದೆ, ಬಾಯಿ ತುಂಬ ನಗು. ಮನೆ ಬಿಟ್ಟ ದಿನ ಅವರ ತಲೆಯ ಮೇಲಿದ್ದದ್ದು ಹಸಿರು ಮಂಕಿ ಟೋಪಿ, ಗಡ್ಡ ಬೇರೆ ಬೆಳೆದಿತ್ತು.

ಸಂಜೆ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಗುರುತು ಹಿಡಿದದ್ದು ಒಬ್ಬ ಕಂಡಕ್ಟರ್. ವಾಟ್ಸ್ಆಪ್‌ನಲ್ಲಿ ಬಂದ ಆ ಫೋಟೋ ನೋಡಿ ಅವರಿಗೆ ಏನೂ ಹೊಳೆದಿರಲಿಲ್ಲ. ಜೊತೆಗೆ ಬರೆದಿದ್ದ "ಹಸಿರು ಟೋಪಿ, ಎಡಗಾಲು ಸ್ವಲ್ಪ ಎಳೆದು ನಡೀತಾರೆ" ಎಂಬ ಮಾತು ನೆನಪಿತ್ತು.

ರಾತ್ರಿ ಬೆಂಗಳೂರಿನ ತಮ್ಮ ಫೋನಿನಲ್ಲಿ ಹೇಳಿದ: "ಈಗೆಲ್ಲ ಫೇಸ್ ರೆಕಗ್ನಿಷನ್ ಇದೆಯಲ್ಲ ಅಣ್ಣ, ಅದಕ್ಕೆ ಹಾಕಿದ್ರೆ ಐದು ನಿಮಿಷದ ಕೆಲಸ." ಹೌದಾ? ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಅಂದಿನಿಂದ ಇದರ ಬಗ್ಗೆ ಓದಿದ್ದೇನೆ, ಕೇಳಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಯಾವ ಹೊತ್ತಿಗೆ ಯಾವ ದಾರಿ ಹಿಡಿಯಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ತೋಟದ ಗೇಟಿಗೋ ಹೋಂಸ್ಟೇಗೋ ಕ್ಯಾಮೆರಾ ಹಾಕಿಸುವ ಯೋಚನೆ ಇರುವವರಿಗೂ ಇದು ಉಪಯೋಗಕ್ಕೆ ಬಂದೀತು.

ಯಂತ್ರ ಮಾಡುವ ಕೆಲಸ ಏನು

ಕೊಡಗಿನಲ್ಲಿ ಮಿಲಿಟರಿ ಪಿಂಚಣಿ ಇರುವ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು. ನವೆಂಬರ್ ಬಂತೆಂದರೆ ಜೀವನ ಪ್ರಮಾಣಕ್ಕೆ (ಪಿಂಚಣಿದಾರರು ಬದುಕಿದ್ದಾರೆ ಎಂಬ ದೃಢೀಕರಣಕ್ಕೆ) ಫೋನನ್ನು ಮುಖದ ಎದುರು ಹಿಡಿದು ಕಣ್ಣು ಮಿಟುಕಿಸುವ ಅಜ್ಜಂದಿರನ್ನು ನೋಡಿದ್ದೀರಿ. ಅಲ್ಲಿ ಯಂತ್ರಕ್ಕೆ ಇರುವುದು ಒಂದೇ ಪ್ರಶ್ನೆ: ಎದುರಿಗಿರುವ ಮುಖ ಈ ಆಧಾರ್ ನಂಬರಿನವರದ್ದೇ, ಅಲ್ಲವೇ? ಒಂದಕ್ಕೆ ಒಂದು ತಾಳೆ. ಬೆಳಕು ಚೆನ್ನಾಗಿದೆ, ಮನುಷ್ಯ ತಾನಾಗಿಯೇ ನೇರ ನೋಡುತ್ತಿದ್ದಾನೆ. ಅಷ್ಟಾದರೂ ಒಮ್ಮೊಮ್ಮೆ ಮೂರ್ನಾಲ್ಕು ಸಲ ಪ್ರಯತ್ನಿಸಬೇಕಾಗುತ್ತದೆ.

ಕಾಣೆಯಾದವರನ್ನು ಹುಡುಕುವ ಕೆಲಸ ಇದಕ್ಕಿಂತ ತುಂಬಾ ಕಷ್ಟದ್ದು. ಇಲ್ಲಿ ಒಂದು ಮುಖವನ್ನು ಸಾವಿರ, ಲಕ್ಷ ಮುಖಗಳ ಜೊತೆ ತಾಳೆ ನೋಡಬೇಕು. ಯಂತ್ರ ಪ್ರತಿ ಮುಖವನ್ನೂ ಅಂಕಿಗಳ ಒಂದು ಸಾಲಾಗಿ ಬದಲಿಸಿ, ಎರಡು ಸಾಲು ಎಷ್ಟು ಹತ್ತಿರ ಇವೆ ಅಂತ ಲೆಕ್ಕ ಹಾಕುತ್ತದೆ. "ಇವರೇ" ಅಂತ ಅದು ಯಾವತ್ತೂ ಹೇಳುವುದಿಲ್ಲ. "ಇಷ್ಟು ಹೋಲುತ್ತಾರೆ" ಅಂತ ಮಾತ್ರ ಹೇಳುತ್ತದೆ. ಎಷ್ಟು ಹೋಲಿದರೆ ಸಾಕು ಅನ್ನುವ ಗೆರೆ ಎಳೆಯುವುದು ಮನುಷ್ಯರು. ದೆಹಲಿ ಪೊಲೀಸರು ಶೇ. 80 ಹೋಲಿಕೆ ಬಂದರೆ ಅದನ್ನು ತಾಳೆ ಎಂದು ಪರಿಗಣಿಸುವುದಾಗಿ 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಉತ್ತರ ಕೊಟ್ಟಿದ್ದರು.

ಇನ್ನೊಂದು ತಪ್ಪು ನಂಬಿಕೆ ನಮ್ಮಲ್ಲಿ ಇದೆ. ಪೊಲೀಸರು ಫೋಟೋವನ್ನು ಆಧಾರ್‌ಗೆ ಹಾಕಿ ಹುಡುಕುತ್ತಾರೆ ಅಂತ. ಇಲ್ಲ. ಆಧಾರ್‌ನ ಬೆರಳಚ್ಚು, ಕಣ್ಣಿನ ಗುರುತುಗಳನ್ನು ತನಿಖೆಗೆ ಕೊಡಲು ಆ ಕಾನೂನಿನಲ್ಲೇ ಅವಕಾಶವಿಲ್ಲ.

ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ

2018ರ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಮಕ್ಕಳ ಆಶ್ರಯಧಾಮಗಳಲ್ಲಿದ್ದ ಸುಮಾರು 45,000 ಮಕ್ಕಳ ಫೋಟೋಗಳನ್ನು ಕಾಣೆಯಾದ ಮಕ್ಕಳ ಪಟ್ಟಿಯ ಜೊತೆ ತಾಳೆ ನೋಡಿದರು. ನಾಲ್ಕೇ ದಿನಗಳಲ್ಲಿ 2,930 ಮಕ್ಕಳ ಗುರುತು ಸಿಕ್ಕಿತು ಎಂಬ ಸುದ್ದಿ ದೇಶವೆಲ್ಲ ಹರಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಹೈಕೋರ್ಟ್ ವಿಚಾರಿಸಿದಾಗ ಆ ವ್ಯವಸ್ಥೆಯ ನಿಖರತೆ ಶೇ. 2 ಮಾತ್ರ ಎಂಬ ಉತ್ತರ ಬಂತು. ಮರುವರ್ಷ ಅದು ಶೇ. 1ಕ್ಕಿಂತ ಕೆಳಗಿಳಿದಿತ್ತು. ಹುಡುಗ ಯಾರು, ಹುಡುಗಿ ಯಾರು ಅನ್ನುವುದೇ ಅದಕ್ಕೆ ತಿಳಿಯುತ್ತಿಲ್ಲ ಎಂಬ ಮಾತೂ ನ್ಯಾಯಾಲಯದ ಮುಂದೆ ಬಂತು.

ಹಾಗಂತ ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ. ತೆಲಂಗಾಣ ಪೊಲೀಸರ ಬಳಿ ಮುಖ ತಾಳೆ ನೋಡುವ ದರ್ಪಣ್ ಎಂಬ ಸಾಧನವಿದೆ. 2015ರಲ್ಲಿ ಉತ್ತರ ಪ್ರದೇಶದಿಂದ ಕಾಣೆಯಾಗಿದ್ದ ಒಬ್ಬ ಹುಡುಗ ಐದು ವರ್ಷದ ನಂತರ ಅಸ್ಸಾಂನ ಒಂದು ಆಶ್ರಯಧಾಮದಲ್ಲಿ ಇರುವುದು ಅದರಿಂದಲೇ ಗೊತ್ತಾಯಿತು. ಹುಡುಗ ಉತ್ತರ ಪ್ರದೇಶದವನು, ಸಿಕ್ಕಿದ್ದು ಅಸ್ಸಾಂನಲ್ಲಿ, ಹುಡುಕಿದ್ದು ಹೈದರಾಬಾದಿನಲ್ಲಿ ಕೂತು. ಯಾವ ಕಂಡಕ್ಟರಿಗೂ ಯಾವ ವಾಟ್ಸ್ಆಪ್ ಗುಂಪಿಗೂ ಆಗದ ಕೆಲಸ ಇದು.

ನನಗೆ ಅರ್ಥವಾದದ್ದು ಇಷ್ಟು. ಕಾಣೆಯಾದ ವ್ಯಕ್ತಿ ದೂರದಲ್ಲೆಲ್ಲೋ ಒಂದು ಆಶ್ರಯಧಾಮದಲ್ಲಿ, ಆಸ್ಪತ್ರೆಯಲ್ಲಿ ಇದ್ದಾರೆ, ತಮ್ಮ ಹೆಸರು ಊರು ಹೇಳಲು ಆಗುತ್ತಿಲ್ಲ, ಅಲ್ಲಿ ಅವರ ಫೋಟೋ ತೆಗೆದಿದ್ದಾರೆ. ಅಂಥವರಿಗೆ ಈ ಯಂತ್ರ ದೊಡ್ಡ ಉಪಕಾರ. ತೋಟದಲ್ಲಿ ಈಗತಾನೇ ದಾರಿ ತಪ್ಪಿದವರಿಗೆ ಅದು ಏನೂ ಮಾಡದು. ಕಾಫಿ ಗಿಡದ ಮಧ್ಯೆ ಕ್ಯಾಮೆರಾ ಎಲ್ಲಿಂದ ಬರಬೇಕು?

ಯಾರು ಕಾಣೆ ಎಂಬುದರ ಮೇಲೆ ದಾರಿ ಬೇರೆ

*ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಗು.* ಮೊದಲು ನೀರು ನೋಡಿ. ತೋಟದ ಕೆರೆ, ತೆರೆದ ಬಾವಿ, ತೋಡು. ಆಮೇಲೆ ಉಳಿದದ್ದು. ಆನೆ ಓಡಾಡುವ ಕಡೆಯಾದರೆ ಅರಣ್ಯ ಇಲಾಖೆಗೂ ತಿಳಿಸಿ, ಒಬ್ಬೊಬ್ಬರೇ ಹುಡುಕಲು ಇಳಿಯಬೇಡಿ. ಜೊತೆಜೊತೆಗೇ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಫೋನ್ ಮಾಡಿ. 24 ಗಂಟೆ ಕಾಯಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಮಗು ಕಾಣೆಯಾದ ದೂರು ಬಂದರೆ ಎಫ್ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. "ನಮ್ಮ ಠಾಣೆಗೆ ಬರಲ್ಲ" ಎಂದರೂ ಕೇಳಬೇಡಿ, ಯಾವ ಠಾಣೆಯಲ್ಲಾದರೂ ಝೀರೋ ಎಫ್ಐಆರ್ ಆಗುತ್ತದೆ.

ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕರ ಮಕ್ಕಳಾದರೆ ಇನ್ನೂ ಒಂದು ತೊಡಕಿದೆ. ತಾಯಿಗೆ ಕನ್ನಡ ಬರುವುದಿಲ್ಲ, ಕೈಯಲ್ಲಿ ಮಗುವಿನ ಫೋಟೋ ಇರುವುದಿಲ್ಲ. ಅಂಥಲ್ಲಿ ತೋಟದ ಮಾಲೀಕರೋ ಲೆಕ್ಕ ನೋಡುವ ರೈಟರೋ ಜೊತೆಗೆ ಠಾಣೆಗೆ ಹೋಗಬೇಕು. ಅದು ಅವರ ಕರ್ತವ್ಯ ಅಂತಲೇ ನಾನು ತಿಳಿದಿದ್ದೇನೆ. ನಂತರ ವಾರ ಕಳೆದರೂ ಸುಳಿವು ಸಿಗದಿದ್ದರೆ, ಆಗ ಮುಖದ ತಾಳೆ. ಕೇಂದ್ರದ ಮಿಷನ್ ವಾತ್ಸಲ್ಯ ಪೋರ್ಟಲ್‌ನಲ್ಲಿ ಮಗುವಿನ ವಿವರ, ಫೋಟೋ ಹತ್ತಿದೆಯಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಆ ಪಟ್ಟಿಯಲ್ಲಿ ಇಲ್ಲದ ಮುಖವನ್ನು ಯಾವ ಯಂತ್ರವೂ ಹುಡುಕಲಾರದು.

*ಮರೆವು ಇರುವ ಹಿರಿಯರು.* ಮೊದಲ ದಿನ ಕಂಡಕ್ಟರ್, ಆಟೋ ಡ್ರೈವರ್, ಪೆಟ್ರೋಲ್ ಬಂಕಿನವರು. ನಮ್ಮ ಜಿಲ್ಲೆಗೆ ರೈಲಿಲ್ಲ, ವಿಮಾನವಿಲ್ಲ. ಹೊರಗೆ ಹೋಗುವವರು ರಸ್ತೆಯಲ್ಲೇ ಹೋಗಬೇಕು: ಕುಶಾಲನಗರ, ಆನೆಚೌಕೂರು, ಸಂಪಾಜೆ, ಮಾಕುಟ್ಟ, ಕುಟ್ಟ, ಕರಿಕೆ, ಶನಿವಾರಸಂತೆ ಕಡೆ. ಹುಡುಕುವವರಿಗೆ ಇದು ದೊಡ್ಡ ಅನುಕೂಲ. ಇಬ್ಬಿಬ್ಬರು ಒಂದೊಂದು ದಿಕ್ಕು ಹಿಡಿದರೆ ಒಂದೇ ದಿನದಲ್ಲಿ ಎಲ್ಲ ಕಡೆಯೂ ಕೇಳಿ ಬರಬಹುದು. ಬಸ್ ಸ್ಟ್ಯಾಂಡಿನ ಸಿಸಿಟಿವಿಯನ್ನು ಪೊಲೀಸರ ಜೊತೆ ಕೂತು ಮನೆಯವರೇ ನೋಡುವುದು ಒಳ್ಳೆಯದು. ನಡಿಗೆ, ಬೆನ್ನು, ಕೈ ಬೀಸುವ ರೀತಿ ಮನೆಯವರ ಕಣ್ಣಿಗೆ ಗೊತ್ತಾಗುವಷ್ಟು ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಎರಡು ಮೂರು ದಿನವಾದರೂ ಸಿಗದಿದ್ದರೆ ಮೈಸೂರು, ಮಂಗಳೂರು, ಕಣ್ಣೂರು ಕಡೆಯ ಆಸ್ಪತ್ರೆ, ವೃದ್ಧಾಶ್ರಮಗಳು. ಹಿರಿಯರ ಸಹಾಯವಾಣಿ 14567. ಫೋಟೋ ತಾಳೆ ಮಾಡಿಸಿ ಅಂತ ಕೇಳುವ ಹೊತ್ತು ಇದೇ. ಕೇರಳದ ಗಡಿ ದಾಟಿರಬಹುದಾದರೆ ಅದನ್ನು ಬಾಯಿಬಿಟ್ಟು ಹೇಳಿ, ಮಾಹಿತಿ ಅಲ್ಲಿಯ ಠಾಣೆಗಳಿಗೂ ಹೋಗಲಿ.

*ಫೋನ್ ಹಿಡಿದುಕೊಂಡು ಹೋದ ಹುಡುಗ ಹುಡುಗಿಯರು.* ಇಲ್ಲಿ ಫೋನೇ ಮೊದಲ ಆಯ್ಕೆ. ಟವರ್ ವಿವರ ಪೊಲೀಸರಿಗೆ ಮಾತ್ರ ಸಿಗುತ್ತದೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅವರ ಗೂಗಲ್ ಖಾತೆ ತೆರೆದಿದ್ದರೆ ಫೋನ್ ಎಲ್ಲಿದೆ ಅಂತ ಅಲ್ಲೇ ತಿಳಿಯಬಹುದು. ಆದರೆ ನಮ್ಮಲ್ಲಿ ಟವರ್ ದೂರ ದೂರ. "ಲೊಕೇಶನ್ ಸಿಕ್ಕಿದೆ" ಎಂದರೆ ಕಿಲೋಮೀಟರುಗಟ್ಟಲೆ ಕಾಡು, ತೋಟ ಎಲ್ಲ ಅದರೊಳಗೆ ಬಂದಿರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರೇ ಬಂದ್ ಆಗಿರುತ್ತದೆ. ಫೋನಿನ ಐಎಂಇಐ ನಂಬರನ್ನು (ಪ್ರತಿ ಫೋನಿಗೂ ಇರುವ ಬೇರೆ ಬೇರೆ ಗುರುತಿನ ನಂಬರ್) ದೂರಿನಲ್ಲಿ ಬರೆಸಿ, ಬೇರೆ ಸಿಮ್ ಹಾಕಿದಾಗ ಸುಳಿವು ಸಿಗುತ್ತದೆ.

*ತಾನಾಗಿಯೇ ಮನೆ ಬಿಟ್ಟ ದೊಡ್ಡವರು.* ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಹೇಳಲೇಬೇಕು. ಗಂಡನ ಹೊಡೆತ ತಾಳದೆ ಹೋದ ಹೆಂಗಸು ಇರಬಹುದು. ಮನೆಯವರ ಒತ್ತಾಯದ ಮದುವೆಯಿಂದ ತಪ್ಪಿಸಿಕೊಂಡವಳು ಇರಬಹುದು. ಅವರ ಮುಖವನ್ನು ಊರ ತುಂಬ ಹಂಚಿದರೆ ಅವರ ಜೀವಕ್ಕೇ ಅಪಾಯ. ಪೊಲೀಸರು ಅವರನ್ನು ಹುಡುಕಿ, ಕ್ಷೇಮವಾಗಿದ್ದಾರೆ ಎಂದು ಹೇಳಿಕೆ ಪಡೆದರೆ ಅಲ್ಲಿಗೆ ಕೆಲಸ ಮುಗಿಯಿತು. ಎಲ್ಲಿದ್ದಾರೆ ಎಂದು ಮನೆಯವರಿಗೆ ಹೇಳಬೇಕೋ ಬೇಡವೋ ಅನ್ನುವುದು ಅವರ ಇಷ್ಟ. ಫಾರ್ವರ್ಡ್ ಒತ್ತುವ ಮೊದಲು ಇದು ನೆನಪಿರಲಿ. ಮುಖದ ಫೋಟೋ ಹಾಕಿದರೆ ಹುಡುಕಿಕೊಡುವ ವೆಬ್‌ಸೈಟುಗಳಿವೆ, ದುಡ್ಡು ಕೇಳುತ್ತವೆ. ಅವುಗಳ ಹತ್ತಿರವೂ ಹೋಗಬೇಡಿ.

*ಗುರುತು ಸಿಗದ ಶವ.* ಇಲ್ಲಿ ಮುಖ ಬಿಡಿ, ಡಿಎನ್ಎ ಅದಕ್ಕಿಂತ ಎಷ್ಟೋ ನಂಬಿಕೆಗೆ ಅರ್ಹ. ನಮ್ಮ ಜಿಲ್ಲೆಯದ್ದೇ ಉದಾಹರಣೆ ಎಲ್ಲರ ಕಣ್ಣೆದುರು ಇದೆ. 2020ರಲ್ಲಿ ಕುಶಾಲನಗರ ಕಡೆಯ ಒಬ್ಬ ಹೆಣ್ಣುಮಗಳು ಕಾಣೆಯಾದರು. ಪಕ್ಕದ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸಿಕ್ಕ ಅಸ್ಥಿಪಂಜರ ಅವರದ್ದೇ ಎಂದು ತೀರ್ಮಾನವಾಯಿತು. ಗಂಡನ ಮೇಲೆ ಕೊಲೆ ಕೇಸು, ಜೈಲು. ಡಿಎನ್ಎ ತಾಳೆಯಾಗಲಿಲ್ಲ, ಆದರೂ ಕೇಸು ನಡೆಯಿತು. 2025ರ ಏಪ್ರಿಲ್‌ನಲ್ಲಿ ಆಕೆ ಮಡಿಕೇರಿಯ ಹೋಟೆಲೊಂದರಲ್ಲಿ ಗಂಡನ ಗೆಳೆಯರ ಕಣ್ಣಿಗೆ ಬಿದ್ದರು. ಆಮೇಲೆ ಮೈಸೂರಿನ ನ್ಯಾಯಾಲಯ ಗಂಡನನ್ನು ನಿರ್ದೋಷಿ ಎಂದಿತು. ಆ ಮನುಷ್ಯ ಒಳಗೆ ಕಳೆದ ದಿನಗಳನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಪರೀಕ್ಷೆ "ಅಲ್ಲ" ಅಂದಿತ್ತು, ಆದರೆ "ಹೌದು" ಅಂತ ಮೊದಲೇ ನಂಬಿ ಆಗಿತ್ತು. ಮುಖದ ಯಂತ್ರದ ವಿಷಯದಲ್ಲಿ ನನಗಿರುವ ಭಯವೂ ಇದೇ.

ಕಳ್ಳರನ್ನು ಹಿಡಿಯಲು?

ಕಾಫಿ, ಕರಿಮೆಣಸಿಗೆ ರೇಟು ಬಂದಾಗಿನಿಂದ ಕಣದಲ್ಲಿ ಒಣಗಲು ಹಾಕಿದ್ದಕ್ಕೂ ಕಾವಲು ಬೇಕಾಗಿದೆ. "ಮುಖ ಗುರುತಿಸುವ ಕ್ಯಾಮೆರಾ ಹಾಕಿಸಿ ಸರ್" ಅಂತ ಅಂಗಡಿಯವರು ಹೇಳುತ್ತಾರೆ. ಸ್ವಲ್ಪ ಯೋಚಿಸಿ. ರಾತ್ರಿ ಬರುವ ಕಳ್ಳ ಮುಖಕ್ಕೆ ಬಟ್ಟೆ ಕಟ್ಟಿರುತ್ತಾನೆ. ಮಳೆಗಾಲದಲ್ಲಿ ಒಳ್ಳೆಯವರೂ ಕಟ್ಟಿರುತ್ತಾರೆ: ಮಂಕಿ ಟೋಪಿ, ರೈನ್‌ಕೋಟ್, ತಲೆಗೆ ಗೋಣಿ ಕೊಪ್ಪೆ. ಆದರೆ ಮೂಟೆ ಸಾಗಿಸಲು ವಾಹನ ಬೇಕೇ ಬೇಕು. ಹಾಗಾಗಿ ತೋಟಕ್ಕಾದರೆ ಗಾಡಿಯ ನಂಬರ್ ಪ್ಲೇಟ್ ಸರಿಯಾಗಿ ಹಿಡಿಯುವ ಕ್ಯಾಮೆರಾವೇ ನನ್ನ ಆಯ್ಕೆ. ಜಿಲ್ಲೆಯ ಗಡಿ ಗೇಟುಗಳಿಗೂ ಅದೇ ಮಾತು.

ಹಳೆಯ ಅಪರಾಧಿಯಾದರೆ ಬೆರಳಚ್ಚು ಮುಖಕ್ಕಿಂತ ಎಷ್ಟೋ ಮೇಲು. ಇಡೀ ದೇಶದ ಬೆರಳಚ್ಚುಗಳನ್ನು ತಾಳೆ ನೋಡುವ ನ್ಯಾಫಿಸ್ ವ್ಯವಸ್ಥೆ 2022ರಿಂದ ಇದೆ. ಮನೆಯಲ್ಲಿ ಕಳ್ಳತನವಾದರೆ ಪೊಲೀಸರು ಬರುವ ತನಕ ಬೀರು, ಬಾಗಿಲ ಚಿಲಕ ಏನನ್ನೂ ಮುಟ್ಟಬೇಡಿ. ಎಷ್ಟೋ ಮನೆಗಳಲ್ಲಿ ಅಷ್ಟರೊಳಗೆ ಎಲ್ಲ ಒರೆಸಿ ಗುಡಿಸಿ ಆಗಿರುತ್ತದೆ.

ಮುಖದ ತಾಳೆಯೊಂದನ್ನೇ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಡೆಟ್ರಾಯಿಟ್ ನಗರದ ರಾಬರ್ಟ್ ವಿಲಿಯಮ್ಸ್ ಪ್ರಕರಣ ನೋಡಿ. 2020ರ ಜನವರಿಯಲ್ಲಿ ಮನೆಯ ಮುಂದೆ, ಹೆಂಡತಿ ಮಕ್ಕಳ ಎದುರು ಅವರನ್ನು ಬಂಧಿಸಿದರು. ಅಂಗಡಿಯ ಮಬ್ಬು ವಿಡಿಯೋದಲ್ಲಿದ್ದ ವಾಚ್ ಕಳ್ಳ ಇವರೇ ಅಂತ ಯಂತ್ರ ಸೂಚಿಸಿತ್ತು. ಕಳ್ಳ ಅವರಾಗಿರಲಿಲ್ಲ. 2024ರಲ್ಲಿ ರಾಜಿಯಾಗಿ, ಮುಖದ ತಾಳೆ ಒಂದನ್ನೇ ನೆಚ್ಚಿ ಯಾರನ್ನೂ ಬಂಧಿಸಬಾರದು ಎಂದು ಅಲ್ಲಿ ನಿಯಮವಾಯಿತು. ನಮ್ಮಲ್ಲಿ ಅಂಥ ನಿಯಮ ಬರೆದ ಪ್ರತ್ಯೇಕ ಕಾನೂನು ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರ ಅರ್ಜಿಯಿಂದ. ಆದರೆ 2023ರ ಡೇಟಾ ರಕ್ಷಣೆ ಕಾಯ್ದೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಪಡೆಯಲು ದಾರಿ ಬಿಟ್ಟಿದೆ.

ತಪ್ಪು ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ ಅನ್ನುವುದು ಇನ್ನೊಂದು ವಿಷಯ. ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2019ರಲ್ಲಿ ಹತ್ತಾರು ಕಂಪನಿಗಳ ಸಾಫ್ಟ್‌ವೇರ್ ಪರೀಕ್ಷಿಸಿತು. ಎಷ್ಟೋ ಸಾಫ್ಟ್‌ವೇರ್‌ಗಳಲ್ಲಿ ಬಿಳಿಯರಿಗಿಂತ ಏಷ್ಯಾ, ಆಫ್ರಿಕಾ ಮೂಲದ ಮುಖಗಳಿಗೆ ಸುಳ್ಳು ತಾಳೆ 10ರಿಂದ 100 ಪಟ್ಟು ಜಾಸ್ತಿ ಇತ್ತು. ಮಕ್ಕಳು, ವೃದ್ಧರ ವಿಷಯದಲ್ಲೂ ತಪ್ಪು ಜಾಸ್ತಿ. ನಮ್ಮ ಜಿಲ್ಲೆಯಲ್ಲಿ ಯಾರ ಯಾರ ಮುಖಗಳಿವೆ ನೋಡಿ. ಎರವರು, ಜೇನುಕುರುಬರು, ಕೊಡವರು, ಗೌಡರು, ಮಾಪಿಳ್ಳೆಗಳು, ಅಸ್ಸಾಂನ ಕಾರ್ಮಿಕರು, ಬೈಲುಕುಪ್ಪೆಯಿಂದ ಕುಶಾಲನಗರಕ್ಕೆ ಬರುವ ಟಿಬೆಟಿಯನ್ನರು. ಯಾವ ಮುಖಗಳ ಮೇಲೆ ಕಲಿತಿದೆ ಎಂದು ತಿಳಿಯದ ಯಂತ್ರ ತಂದು ಇಲ್ಲಿ ಕೂರಿಸಿದರೆ ಮೊದಲು ಠಾಣೆ ಮೆಟ್ಟಿಲು ಹತ್ತುವುದು ಲೈನ್ ಮನೆಯ ಬಡವ.

ದಸರಾ ರಾತ್ರಿಯ ಲೆಕ್ಕ

ಮಡಿಕೇರಿ ದಸರಾಕ್ಕೆ ಇಂಥ ಕ್ಯಾಮೆರಾ ಬೇಕೇ ಎಂದು ಯಾರಾದರೂ ಕೇಳಿದರೆ ನಾನು ಒಂದು ಲೆಕ್ಕ ಹೇಳುತ್ತೇನೆ. ದಶಮಂಟಪ (ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ) ನೋಡಲು ಬಂದವರಲ್ಲಿ ಒಂದು ಲಕ್ಷ ಮುಖ ಕ್ಯಾಮೆರಾಗೆ ಬಿತ್ತು ಅನ್ನೋಣ. ಯಂತ್ರ ಸಾವಿರಕ್ಕೆ ಒಂದು ಸಲ ಮಾತ್ರ ತಪ್ಪುತ್ತದೆ ಅನ್ನೋಣ. ಆದರೂ ಬೆಳಗಾಗುವುದರೊಳಗೆ ನೂರು ಜನ ಅಮಾಯಕರ ಮೇಲೆ ಅಲಾರಂ ಬಾರಿಸಿರುತ್ತದೆ. ಹುಡುಕುತ್ತಿರುವ ಕಳ್ಳರು ಆ ರಾತ್ರಿ ಬಂದಿರುವುದು ಐದು ಜನವೋ, ಯಾರೂ ಇಲ್ಲವೋ. ಅಷ್ಟು ನೂಕುನುಗ್ಗಲಿನಲ್ಲಿ ಪೊಲೀಸರು ಯಾರ ಹಿಂದೆ ಓಡಬೇಕು? ಆ ರಾತ್ರಿ ಕೈ ತಪ್ಪಿದ ಮಕ್ಕಳಿಗೆ ಮೈಕಿನ ಘೋಷಣೆ, ಸಹಾಯ ಕೇಂದ್ರ, ಮಗುವಿನ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ, ಈ ಮೂರೇ ಸಾಕು. ಸುರಕ್ಷಿತ ನಗರ ಯೋಜನೆಯಲ್ಲಿ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಹಾಕಿರುವ ಬೆಂಗಳೂರಿಗೂ ನಮಗೂ ಹೋಲಿಕೆ ಬೇಡ.

ಕ್ಯಾಮೆರಾ ಹಾಕಿಸುವವರಿಗೆ

ಮುಖದ ಸಾಫ್ಟ್‌ವೇರ್‌ಗೆ ಕೊಡುವ ದುಡ್ಡನ್ನು ಒಂದು ಒಳ್ಳೆಯ ಕ್ಯಾಮೆರಾಗೆ ಹಾಕಿ. ಅಪರಿಚಿತರ ಮುಖ ಗುರುತಿಸುವಷ್ಟು ಸ್ಪಷ್ಟವಾಗಬೇಕಾದರೆ ಒಂದು ಮೀಟರ್ ಅಗಲಕ್ಕೆ ಸುಮಾರು 250 ಪಿಕ್ಸೆಲ್ ಬೇಕು ಅನ್ನುವುದು ಈ ಕಸುಬಿನ ಅಳತೆ. 1080 ಪಿ ಕ್ಯಾಮೆರಾದ ಚಿತ್ರದ ಅಗಲ 1,920 ಪಿಕ್ಸೆಲ್. ಅಂದರೆ ಏಳೂವರೆ ಮೀಟರಿಗಿಂತ ಅಗಲದ ಜಾಗ ತೋರಿಸಿದರೆ ಮುಖ ಮಸುಕು. ಇಡೀ ಅಂಗಳ ಕಾಣಲಿ ಅಂತ ಮಾಡಿನ ತುದಿಗೆ ಹಾಕಿಸಿದ ಕ್ಯಾಮೆರಾದಲ್ಲಿ ಕಾಣುವುದು ಕೊಡೆ, ಟೋಪಿ ಅಷ್ಟೇ. ಗೇಟಿನ ಹತ್ತಿರ, ತಲೆಯ ಮಟ್ಟಕ್ಕಿಂತ ಸ್ವಲ್ಪವೇ ಎತ್ತರದಲ್ಲಿ ಒಂದು ಇರಲಿ. ವಿಡಿಯೋ ಉಳಿಸುವ ಡಿವಿಆರ್ ಪೆಟ್ಟಿಗೆಯ ಗಡಿಯಾರ ಸರಿಯಿದೆಯಾ ನೋಡಿ. ಹಳೆಯ ವಿಡಿಯೋ ಎಷ್ಟು ದಿನಕ್ಕೆ ಅಳಿಸಿಹೋಗುತ್ತದೆ ಅಂತ ತಿಳಿದುಕೊಳ್ಳಿ. ಹೋಂಸ್ಟೇಗಳಲ್ಲಿ ಕ್ಯಾಮೆರಾ ಇದೆ ಎಂದು ಬೋರ್ಡ್ ಹಾಕಿ, ಅತಿಥಿಗಳ ಮುಖಗಳನ್ನು ಗುಡ್ಡೆ ಹಾಕಿಕೊಳ್ಳುವ ಆಸೆ ಬೇಡ. 2024ರ ಮೇ ತಿಂಗಳಲ್ಲಿ ತಮಿಳುನಾಡು ಪೊಲೀಸರ ಮುಖ ಗುರುತಿಸುವ ಪೋರ್ಟಲ್‌ಗೇ ಕನ್ನ ಬಿದ್ದಿತ್ತು. ಬೆರಳಚ್ಚಾಗಲಿ ಮುಖವಾಗಲಿ ಒಮ್ಮೆ ಸೋರಿದರೆ ಪಾಸ್‌ವರ್ಡ್‌ನಂತೆ ಬದಲಿಸಲು ಬರುವುದಿಲ್ಲ.

ಈಗಲೇ ಮಾಡಿಡುವ ಕೆಲಸ

ಮುಂದೆ ಯಂತ್ರ ಹುಡುಕಲಿ, ಮನುಷ್ಯರೇ ಹುಡುಕಲಿ, ಎರಡಕ್ಕೂ ಬೇಕಾದದ್ದು ಒಳ್ಳೆಯ ಫೋಟೋ. ಹಗಲು ಬೆಳಕಿನಲ್ಲಿ, ಕಿಟಕಿಗೆ ಮುಖ ಮಾಡಿ ನಿಲ್ಲಿಸಿ. ನೇರ ನೋಟದ್ದೊಂದು, ಎಡ ಬಲ ತಿರುಗಿದ್ದು ಒಂದೊಂದು, ನಿಂತದ್ದು ಪೂರ್ತಿ ಆಳೆತ್ತರದ್ದು. ಬ್ಯೂಟಿ ಫಿಲ್ಟರ್ ಬೇಡವೇ ಬೇಡ. ಮಕ್ಕಳದ್ದಾದರೆ ಮೂರು ತಿಂಗಳಿಗೊಮ್ಮೆ ಹೊಸದು, ಅವರ ಮುಖ ಬೇಗ ಬದಲಾಗುತ್ತದೆ. ಮಚ್ಚೆ, ಗಾಯದ ಗುರುತು, ಮಾತನಾಡುವ ಭಾಷೆ ಬರೆದಿಡಿ. ವಾಟ್ಸ್ಆಪ್‌ನಲ್ಲಿ ಕಳಿಸಿದರೆ ಫೋಟೋದ ಗುಣ ಕೆಡುತ್ತದೆ. ಠಾಣೆಗೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ಕೊಡಿ. ಊರಲ್ಲಿ ಹಂಚುವ ಫೋಟೋದ ಮೇಲೆ ದಿನಾಂಕ, ಠಾಣೆಯ ನಂಬರ್ ಇರಲಿ. ಸಿಕ್ಕಿದ ತಕ್ಷಣ "ಸಿಕ್ಕಿದ್ದಾರೆ, ಫೋಟೋ ಅಳಿಸಿ" ಅಂತ ಅದೇ ಗುಂಪುಗಳಿಗೆಲ್ಲ ಕಳಿಸಿ, ಮಗುವಾದರೆ ಇದನ್ನು ಮರೆಯಲೇಬೇಡಿ.

ನಮ್ಮ ಮನೆಯಲ್ಲಿ ಈಗ ಪ್ರತಿ ತಿಂಗಳ ಒಂದನೇ ತಾರೀಖು ದೊಡ್ಡಪ್ಪನನ್ನು ಜಗಲಿಯಲ್ಲಿ ಕೂರಿಸಿ ಎರಡು ಫೋಟೋ ತೆಗೆಯುತ್ತೇವೆ. ಟೋಪಿ ಹಾಕಿದ್ದು ಒಂದು, ತೆಗೆದದ್ದು ಒಂದು. ಯಾಕೆ ಅಂತ ಪ್ರತಿ ಸಲ ಕೇಳುತ್ತಾರೆ. ದೊಡ್ಡಮ್ಮ ಪ್ರತಿ ಸಲವೂ ಅವರ ಸ್ವೆಟರಿನ ಗುಂಡಿ ಹಾಕುತ್ತಾ "ನಿಮ್ಮ ಮುಖ ಚೆಂದ ಇದೆ ಅಂತ" ಅನ್ನುತ್ತಾರೆ.